ಒತ್ತಡ ಇಳಿಸುವ ಹೊತ್ತು

ನಿಂತ ನೀರೂ ನಿಂತ ಗಾಡಿಯೂ ನೋಡುವವರ ಕಣ್ಣಿಗೆ ಸಾಧುವಾಗಿಯೇ ಕಾಣುತ್ತವೆ. ಆದರೆ ತೂಬು ಎತ್ತಿ ಬಲ್ಲ ನೀರುಗಂಟಿಯಾಗಲಿ, ಮೋಟಾರಿನ ಮುಚ್ಚಳ ತೆರೆದು ಬಲ್ಲ ಮೆಕ್ಯಾನಿಕನಾಗಲಿ ಈ ಮಾತನ್ನು ಒಪ್ಪುವುದಿಲ್ಲ. ಸದ್ದು ಅಡಗಿದ ಮಾತ್ರಕ್ಕೆ ಒತ್ತಡ ಅಡಗಿತೆಂದು ಅರ್ಥವೇ?

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರ ಸಿಕ್ಕುತ್ತದೆ. ಹೆಸರು ಸಮುದ್ರ, ಇರುವುದು ಕೆರೆ. ನದಿಯ ನೆಚ್ಚಿಕೆಯಿಲ್ಲದ ಈ ಸೀಮೆಯಲ್ಲಿ ಕೆರೆಯನ್ನು ಸಮುದ್ರವೆಂದದ್ದು ಅತಿಶಯೋಕ್ತಿಯಲ್ಲ, ಬಾಯಾರಿದವರ ಲೆಕ್ಕ. ಈಚೆಗೆ ಅಲ್ಲಿ ಸ್ನೇಹಿತರೊಬ್ಬರ ಕಾರು ಏದುಸಿರು ಬಿಡತೊಡಗಿತು. ನಿಂತಲ್ಲಿ ಗೊಣಗುತ್ತಿತ್ತು, ಏರು ಕಂಡರೆ ಸೋಲುತ್ತಿತ್ತು. ಮೆಕ್ಯಾನಿಕ್ ಬಂದು, ಪೆಟ್ರೋಲಿನ ಒತ್ತಡ ನೋಡಬೇಕೆಂದ. “ಕೊಳವೆ ಬಿಚ್ಚಿ ಬೇಗ ನೋಡಪ್ಪ, ಮುಹೂರ್ತ ಮೀರುತ್ತದೆ” ಎಂದರು ಸ್ನೇಹಿತರು. ಅವನು ಮಾತನಾಡದೆ ಬಲಗೈ ತೋಳನ್ನು ಮೇಲಕ್ಕೆ ಸರಿಸಿದ. ಮೊಣಕೈವರೆಗೆ ಸುಟ್ಟು ಮಾಗಿದ ಚರ್ಮ. ಆಮೇಲೆ ಮುಹೂರ್ತದ ಮಾತು ಏಳಲಿಲ್ಲ.

ಹಳೆಯ ಅಂಬಾಸಿಡರಿನಲ್ಲಿ, 1983ರಲ್ಲಿ ಬಂದ ಮೊದಲ ಮಾರುತಿ 800ರಲ್ಲಿ, ಕಾರ್ಬುರೇಟರಿಗೆ ಪೆಟ್ರೋಲು ಉಣಿಸಲು ಎಂಜಿನ್ನಿನ ಬಲದಿಂದ ಆಡುವ ಸಣ್ಣ ಪಂಪು ಸಾಕಾಗಿತ್ತು. ಈಗಿನ ಕಾರುಗಳಲ್ಲಿ ಟ್ಯಾಂಕಿನೊಳಗೇ ವಿದ್ಯುತ್ ಪಂಪು. ಸಾಮಾನ್ಯವಾಗಿ ಅದರ ಒತ್ತಡ ಮೂರು, ನಾಲ್ಕು ಬಾರ್. ಮೂರು ಬಾರ್ ಎಂದರೆ ಸುಮಾರು 30 ಮೀಟರ್ ಆಳದ ನೀರಿನ ತಳದ ಒತ್ತಡ. ಕೀಲಿ ತಿರುಗಿಸಿ ಗಾಡಿ ನಿಲ್ಲಿಸಿದರೂ ಅದು ಕೊಳವೆಯಲ್ಲಿ ಉಳಿದಿರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಅದು ಚಿಮ್ಮಿದರೆ ಏನಾಗುತ್ತದೆಂಬುದನ್ನು ಆ ತೋಳೇ ಹೇಳಿತ್ತು.

ಆದ್ದರಿಂದ ಅವನು ಮೊದಲು ಎಂಜಿನ್ ತಣಿಯಲು ಬಿಟ್ಟ. ಬೀಡಿ ಹಚ್ಚಲು ಹೊರಟವರೊಬ್ಬರನ್ನು ದೂರ ಕಳಿಸಿದ. ಆಮೇಲೆ ಪಂಪಿನ ಫ್ಯೂಸು ಕಿತ್ತು ಎಂಜಿನ್ ಚಾಲೂ ಮಾಡಿದ. ಕೊಳವೆಯಲ್ಲಿ ಉಳಿದದ್ದನ್ನು ಕುಡಿದು ಅದು ತಾನಾಗಿ ನಿಂತಿತು. ಮತ್ತೊಮ್ಮೆ ಕೆಲವು ಕ್ಷಣ ತಿರುಗಿಸಿ ನೋಡಿದ. ಬ್ಯಾಟರಿಯ ಋಣಾಗ್ರ ಕಳಚಿ, ಕೀಲಿಗೆ ಬಟ್ಟೆ ಸುತ್ತಿ, ಮೆಲ್ಲನೆ ಸಡಿಲಿಸಿದ. ಬಟ್ಟೆ ನಾಲ್ಕು ಹನಿ ನೆನೆಯಿತು, ಅಷ್ಟೆ.

ಇನ್ನು ಪರೀಕ್ಷೆ. ಮಾಪಕ ಜೋಡಿಸಿ, ಫ್ಯೂಸು, ಬ್ಯಾಟರಿಗಳನ್ನು ಮತ್ತೆ ಕೂಡಿಸಿ, ಸೋರಿಕೆಯಿಲ್ಲವೆಂದು ನೋಡಿಕೊಂಡು ಎಂಜಿನ್ ಚಾಲೂ ಮಾಡಿದ. ಮುಳ್ಳು ಕಂಪನಿ ಹೇಳಿದ ಅಂಕಿಯವರೆಗೆ ಏರಬೇಕು, ನಿಲ್ಲಿಸಿದ ಮೇಲೂ ಕೆಲಕಾಲ ನಿಲ್ಲಬೇಕು. ಏರದಿದ್ದರೆ ಶೋಧಕ ಕಟ್ಟಿರಬಹುದು, ಪಂಪು ಸೋತಿರಬಹುದು. ಏರಿ ಥಟ್ಟನೆ ಇಳಿದರೆ ಎಲ್ಲೋ ಸೋರುತ್ತಿದೆ. ನಮ್ಮ ಮುಳ್ಳು ಎರಡು ಬಾರನ್ನೂ ಮುಟ್ಟಲಿಲ್ಲ. “ಪಂಪು ಹೋಗಿದೆ ಸ್ವಾಮಿ, ಬಸ್ಸು ಹಿಡಿಯಿರಿ” ಎಂದ. ಹೊಸ ಡೀಸಲ್ ಗಾಡಿಗಳನ್ನು ಮಾತ್ರ ರಸ್ತೆ ಬದಿಯಲ್ಲಿ ಮುಟ್ಟುವುದಿಲ್ಲವಂತೆ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಎಳೆಯಷ್ಟು ಧಾರೆಯೂ ಚರ್ಮವನ್ನು ತೂರಬಲ್ಲದು.

ಕೆರೆ ಕಟ್ಟಿದ ಹಿರಿಯರು ಏರಿ ಹಾಕಿ ಸುಮ್ಮನಾಗಲಿಲ್ಲ, ಹೆಚ್ಚಾದ ನೀರು ಹೋಗಲು ಕೋಡಿ ಇಟ್ಟರು. 2021ರ ನವೆಂಬರಿನ ಮಳೆಯಲ್ಲಿ ಕೋಲಾರದ ಕೆರೆಗಳು ಕೋಡಿ ಬಿದ್ದಾಗ ಅದರ ಬೆಲೆ ತಿಳಿಯಿತು. ಮನುಷ್ಯರ ವಿಷಯದಲ್ಲಿ ನಮಗೆ ಇಷ್ಟು ತಾಳ್ಮೆಯುಂಟೆ? ದಿನವಿಡೀ ದುಡಿದು ಬಂದವನು ಸುಮ್ಮನೆ ಕುಳಿತರೆ ಶಾಂತನಾಗಿದ್ದಾನೆಂದು ಬಗೆದು, ಬಂದ ಗಳಿಗೆಯಲ್ಲೇ ಅವನ ಕೀಲಿಗೆ ಕೈ ಹಾಕುತ್ತೇವೆ. ಒಂದಿಷ್ಟು ತಣಿಯಲು ಬಿಟ್ಟರೆ ನಷ್ಟವಾದರೂ ಏನು? ಹೆಚ್ಚೆಂದರೆ ಒಂದು ಮುಹೂರ್ತ.