ಕಿರ್ದಿ ಓದುವ ಸುಖ

ದುಡ್ಡಿನ ಮೇಲೆ ಬರೆದ ಪುಸ್ತಕ ಎಲ್ಲಿ ಕಂಡರೂ ಕೈಗೆತ್ತಿಕೊಳ್ಳುವುದು ನನ್ನ ಹಳೇ ಚಟ. ಬಾಗಲಕೋಟೆಯಲ್ಲಿ ಕೊಂಡದ್ದು ಬಾದಾಮಿ ಮುಟ್ಟುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಹೆಚ್ಚಿನವು ನೆಪೋಲಿಯನ್ ಹಿಲ್ 1937ರಲ್ಲಿ ಹೇಳಿದ್ದಕ್ಕೇ ಹೊಸ ಅಂಗಿ ತೊಡಿಸಿದವು. ಆ ಸಾಲಿನಲ್ಲಿ ನನಗೆ ಅಚ್ಚುಮೆಚ್ಚು ಜಾರ್ಜ್ ಕ್ಲೇಸನ್‌ನ ಬ್ಯಾಬಿಲನ್ ಕಥೆಗಳು. 1926ರಿಂದ ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳು ಗಿರಾಕಿಗಳಿಗೆ ಹಂಚುತ್ತಿದ್ದ ಕಿರುಹೊತ್ತಿಗೆಗಳವು. ಗಳಿಸಿದ್ದರಲ್ಲಿ ಹತ್ತರಲ್ಲೊಂದು ಪಾಲು ಮೊದಲು ನಿನಗಾಗಿ ತೆಗೆದಿಡು ಎಂಬುದು ಅದರ ತಿರುಳು. ನನಗೆ ರುಚಿಸುವುದು ಆ ಬುದ್ಧಿಮಾತಲ್ಲ, ಸಾಲಗಾರನೊಬ್ಬ ಮಣ್ಣಿನ ಹಲಗೆಯ ಮೇಲೆ ತಿಂಗಳ ಲೆಕ್ಕ ಬರೆದಿಟ್ಟನೆಂದು ಕ್ಲೇಸನ್ ಕಟ್ಟಿದ ಭಾಗ.

ನಮ್ಮ ಕಡೆ ಅಂಥದ್ದನ್ನು ಕಟ್ಟಿ ಹೇಳುವ ಗರಜೇ ಇಲ್ಲ. ಬಾದಾಮಿಯ ಮೂರನೇ ಗುಹೆ 578ರದು. ಅಲ್ಲೇ ಬಂಡೆಯ ಮೇಲೆ ಮಂಗಳೇಶನ ಪುಟ್ಟ ಕನ್ನಡ ಶಾಸನವಿದೆ. ಕಲ್ಮನೆಯ ದೇವರಿಗೆ ಲಂಜಿಗೇಸರ ಎಂಬ ಊರು ಬಿಟ್ಟದ್ದು, ಹೂಮಾಲೆಯವನಿಗೆ ಸಲ್ಲಬೇಕಾದ ಪಾಲು, ಇದನ್ನು ಅಳಿಸಿದವನಿಗೆ ಪಂಚಮಹಾಪಾತಕ. ರಾಜನ ಬಿರುದಿನ ಜೊತೆಗೇ ಮಾಲೆಗಾರನ ಗಳಿಕೆಯೂ ಕಲ್ಲೇರಿದೆ! ಹುನಗುಂದದ ಕಡೆ ಹೊರಳಿದರೆ ಐಹೊಳೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕರು ಈ ಊರಿನ ಹೆಸರು ಹೊತ್ತು ದೇಶ ಸುತ್ತಿದವರು. ಸುಮಾತ್ರದ ಲೋಬು ತುವಾದಲ್ಲಿ 1088ರ ತಮಿಳು ಶಾಸನವೊಂದು ಅವರದೇ. ವೃತ್ತಿಯಲ್ಲಿ ಮೇಲೆ ಬರುವುದು ಹೇಗೆಂದು ಕೇಳುವವರು ಐನೂರ್ವರ ಪ್ರಶಸ್ತಿಗಳನ್ನು ಓದಬೇಕು. ತಮ್ಮನ್ನು ತಾವು ಹೊಗಳಿಕೊಳ್ಳುವುದರಲ್ಲಿ ಇಂದಿನ ಬಯೋಡೇಟಾಗಳು ಅವಕ್ಕೆ ಸಾಟಿಯಲ್ಲ. ಇನ್ನು ಕೂಡಲಸಂಗಮದ ಹೆಸರನ್ನೇ ಅಂಕಿತ ಮಾಡಿಕೊಂಡ ಬಸವಣ್ಣ ಬಿಜ್ಜಳನ ಭಂಡಾರಿ. ಅವನ ಕಾಲದ ಆಯ್ದಕ್ಕಿ ಲಕ್ಕಮ್ಮ, ಗಂಡ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು. ಉಳಿತಾಯ ಕಲಿಸುವ ಪುಸ್ತಕದವರು ಈಕೆಯನ್ನು ಎಲ್ಲಿ ಕೂಡಿಸುತ್ತಾರೋ ನೋಡಬೇಕು.

ಆದರೆ ನಾನು ಮತ್ತೆ ಮತ್ತೆ ಹೊರಳಿ ಹೋಗುವುದು ಇಳಕಲ್ಲಿನ ನಮ್ಮಜ್ಜನ ಕಿರ್ದಿಗೆ. ಕೆಂಪು ಅರಿವೆಯ ಹೊದಿಕೆ, ಮೇಲೊಂದು ದಾರ, ಪ್ರತಿ ಪಾನಿನ ನೆತ್ತಿಗೆ ‘ಶ್ರೀ’. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಇಳಕಲ್ಲ ಸೀರೆಯ ಸೆರಗಿನ ರೇಷ್ಮಿ ಹಾಸು ಬೇರೆ, ಮೈಯ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಬೇಕು. ಹಂಗಾಗಿ ರೇಷ್ಮಿ ಒಂದು ಸಾಲು, ನೂಲು ಇನ್ನೊಂದು, ಬಣ್ಣ, ಮಜೂರಿ. ನಡುನಡುವೆ ಮನೆಯೂ ನುಸುಳುತ್ತದೆ: ಗಿರಣಿ, ಹಾಲು, ಅವ್ವನ ಬಳಿ. ಎಲ್ಲೂ ಸೇರದ್ದಕ್ಕೆ ‘ಕಿರಕೋಳ’. ಈ ಕಿರಕೋಳ ವರ್ಷವಿಡೀ ಸಣ್ಣದಾಗಿ ಹರಿದು, ಬನದ ಹುಣ್ಣಿಮೆಯ ಆಸುಪಾಸು ಮಾತ್ರ ಉಬ್ಬುತ್ತದೆ. ಬನಶಂಕರಿ ಜಾತ್ರಿಗೆ ನಾಟಕ ಕಂಪನಿಗಳು ಬೀಡು ಬಿಡುವ ಹೊತ್ತದು! ‘ನಾಟಕ’ ಎಂಬ ಮಾತು ಇಡೀ ವಹಿಯಲ್ಲಿ ಒಂದು ಕಡೆಯೂ ಇಲ್ಲ. ಅಜ್ಜಿಯೂ ಓದುಬಲ್ಲವಳಾಗಿದ್ದಳು.

ಇನ್ನೊಂದು: ದಿನ ಬಿಟ್ಟು ದಿನ ಬರುತ್ತಿದ್ದ ‘ಬೀಡಿ’ ಎಂಬತ್ತರ ಸುಮಾರಿಗೆ ಒಮ್ಮೆಲೇ ನಿಂತುಹೋಗುತ್ತದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು ರೊಕ್ಕದ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಅಜ್ಜನ ಬೀಡಿ ಆ ಜೋಳಿಗೆಗೆ ಬಿತ್ತೋ, ವೈದ್ಯರ ಮಾತಿಗೋ, ಕಿರ್ದಿ ಬಾಯಿ ಬಿಡುವುದಿಲ್ಲ. ಅಲ್ಲಿಂದ ಮುಂದೆ ‘ಪುಟಾಣಿ’ ಬರತೊಡಗುತ್ತದೆ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಅಣ್ಣನ ಮಗ ಮೊನ್ನೆ ಬಂದು, “ಕಾಕಾ, ರೊಕ್ಕದ ಬಗ್ಗೆ ಛಲೋ ಪುಸ್ತಕ ಯಾವುದರೆ ಹೇಳ್ರಿ” ಅಂದ. ಕ್ಲೇಸನ್‌ನನ್ನೂ ಕಿರ್ದಿಯನ್ನೂ ಒಟ್ಟಿಗೆ ಕೊಟ್ಟೆ. ಕ್ಲೇಸನ್ ಅಲ್ಲೇ ಕಟ್ಟೆ ಮೇಲೆ ಉಳಿದ. ಹುಡುಗ ತಾಸು ಹೊತ್ತು ಕಿರ್ದಿ ಹಿಡಿದು ಕೂತು, “ಈ ಗುಳೇದಗುಡ್ಡದವರ ಉದ್ರಿ ಮೂರು ಸಲ ಬಂದೈತಲ್ರಿ. ಕಡೀಕ ತೀರಿಸಿದರೇನು?” ಎಂದ.

“ಅದು ಕಿರ್ದ್ಯಾಗ ಸಿಗಂಗಿಲ್ಲಪಾ. ಖತಾವಣಿ ತಗಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಪಾನ ಐತಿ.”

ಅಟ್ಟ ಹತ್ತಲು ನಿಚ್ಚಣಿಕೆ ಎಲ್ಲೈತಿ ಅಂತ ಕೇಳಿದ.