ಬಿಟ್ಟುಕೊಟ್ಟ ಒಂದು ಅಂಕ

ಟೆನಿಸ್ ಆಟದ ವಿಷಯವಾಗಿ ಬರೆಯುವ ಅಧಿಕಾರ ನನಗೆ ಲೇಶವೂ ಇಲ್ಲ. ಆ ಆಟದ ರ‍್ಯಾಕೆಟ್ಟನ್ನು ನಾನು ಒಮ್ಮೆಯೂ ಕೈಯಲ್ಲಿ ಹಿಡಿದವನಲ್ಲ. ತುಡಿಯಲೂರಿನಲ್ಲಿ ಹುಟ್ಟಿ, ಶಿಕ್ಷಕರ ತರಬೇತಿಯ ಪ್ರಮಾಣಪತ್ರವೊಂದನ್ನು ಪಡೆದು, ಚಿಕ್ಕ ಮಕ್ಕಳಿಗೆ ಅಕ್ಷರವನ್ನೂ ಲೆಕ್ಕವನ್ನೂ ಕಲಿಸುತ್ತ ಮೂವತ್ತೇಳು ವರ್ಷಗಳನ್ನು ಮುಟ್ಟಿದವನು ನಾನು. ಆದರೂ ಈಚೆಗೆ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಆ ಆಟದ ಅಂಗಳಕ್ಕೆ ಎಳೆದೊಯ್ದಿತು. ಅದನ್ನು ನನ್ನ ಸಹೋದ್ಯೋಗಿಗಳಾದ ಉಪಾಧ್ಯಾಯರ ಮುಂದೆಯೂ ವಿದ್ಯಾರ್ಥಿಗಳ ಮುಂದೆಯೂ ಇಡಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಅರ್ಧವಾರ್ಷಿಕ ಪರೀಕ್ಷೆ ಮುಗಿದು, ಐದನೆಯ ತರಗತಿಯ ಗಣಿತದ ಉತ್ತರಪತ್ರಿಕೆಗಳನ್ನು ಮಕ್ಕಳಿಗೆ ಹಂಚಿದ ದಿನ. ತೊಂಬತ್ತಾರು ಅಂಕ ಪಡೆದ ಹುಡುಗಿಯೊಬ್ಬಳು ತರಗತಿಗೇ ಮೊದಲನೆಯವಳಾಗಿದ್ದಳು. ನೇಕಾರರ ಮನೆಯ ಮಗು; ಮಾತು ಕಡಿಮೆ. ಘಂಟೆ ಬಾರಿಸಿ ಎಲ್ಲರೂ ಹೊರಟ ಮೇಲೆ ಅವಳು ಮೇಜಿನ ಬಳಿಗೆ ಬಂದು ನಿಂತಳು. "ಸಾರ್, ಕೂಡುವಾಗ ಎರಡು ಅಂಕ ಹೆಚ್ಚಾಗಿ ಹಾಕಿದ್ದೀರಿ" ಎಂದಳು. ನಾನು ಕೂಡಿ ನೋಡಿದೆ. ಅವಳ ಮಾತು ನಿಜ. ತಪ್ಪು ನನ್ನದು. ಮಗುವಿಗೆ ಸಂಕಲನವನ್ನು ಕಲಿಸಿದವನಿಗೆ ಸಂಕಲನ ಬಂದಿರಲಿಲ್ಲ! ತೊಂಬತ್ತಾರನ್ನು ಹೊಡೆದು ತೊಂಬತ್ತನಾಲ್ಕೆಂದು ಬರೆದೆ. ತೊಂಬತ್ತೈದು ಪಡೆದಿದ್ದ ಮತ್ತೊಬ್ಬ ಹುಡುಗ ಮೊದಲನೆಯವನಾದ. ಶಾಲೆಯವರು ಕೊಡುವ ಪೆನ್ನೂ ಪುಸ್ತಕವೂ ಅವನ ಪಾಲಾದುವು.

ಮರುದಿನ ಬೆಳಗ್ಗೆ ಆ ಹುಡುಗಿಯ ತಂದೆ ಶಾಲೆಯ ಬಾಗಿಲಲ್ಲಿ ನಿಂತಿದ್ದರು. ರಾತ್ರಿಯ ಪಾಳಿಯಲ್ಲಿ ಮಗ್ಗದ ಕೆಲಸ ಮುಗಿಸಿ ನೇರವಾಗಿ ಬಂದಿದ್ದರೆಂಬುದು ಅವರ ಕಣ್ಣುಗಳಿಂದಲೇ ತಿಳಿಯುತ್ತಿತ್ತು. "ಮಗು ರಾತ್ರಿ ಊಟ ಮಾಡಲಿಲ್ಲ ಸಾರ್. ತಾನಾಗಿಯೇ ಬಂದು ನಿಜ ಹೇಳಿತಲ್ಲ. ಆ ಎರಡು ಅಂಕವನ್ನು ಹಾಗೆಯೇ ಬಿಟ್ಟಿದ್ದರೆ ನಿಮಗೇನು ನಷ್ಟವಾಗುತ್ತಿತ್ತು? ಇನ್ನು ಮೇಲೆ ಅದು ನಿಜ ಹೇಳೀತೆ?" ಎಂದು ಕೇಳಿದರು. ಅವರಿಗೆ ನಾನು ಏನೋ ಸಮಾಧಾನ ಹೇಳಿ ಕಳುಹಿಸಿದೆ. ಆದರೆ ಅವರ ಕೊನೆಯ ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು.

ಆ ದಿನ ಸಂಜೆ ನನಗೆ ನೆನಪಾದವರು ರೋಹನ್ ಬೋಪಣ್ಣನವರು. ತುಡಿಯಲೂರಿನಿಂದ ಪಡುವಣಕ್ಕೆ ತಿರುಗಿ ನಿಂತರೆ ಕಾಣುವ ಬೆಟ್ಟದ ಸಾಲೇ ನೀಲಗಿರಿಯನ್ನೂ ವಯನಾಡನ್ನೂ ಹಾದು ಕೊಡಗಿನವರೆಗೆ ಸಾಗುತ್ತದೆ. ಆ ಕೊಡಗಿನ ಕಾಫಿ ಬೆಳೆಗಾರರ ಮನೆತನದವರು ಅವರು. 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಹುಟ್ಟಿ, ಕೊಡಗಿನಲ್ಲಿ ಬೆಳೆದು, ಹನ್ನೊಂದನೆಯ ವಯಸ್ಸಿನಲ್ಲಿ ಟೆನಿಸ್ ಕಲಿಯತೊಡಗಿದರು. 2003ರಲ್ಲಿ ಅದನ್ನೇ ವೃತ್ತಿಯಾಗಿ ಹಿಡಿದರು.

ಟೆನಿಸ್ ವೃತ್ತಿಯೆಂದರೆ ಏನೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. ಅಲ್ಲಿ ತಿಂಗಳ ಸಂಬಳವಿಲ್ಲ. ಗೆದ್ದಷ್ಟು ಹಣ. ಪ್ರಯಾಣ, ವಸತಿ, ಶಿಕ್ಷಕನ ವೇತನ, ಎಲ್ಲವನ್ನೂ ಆಟಗಾರನೇ ಭರಿಸಬೇಕು. ಗೆಲುವಿಗೆ ದೊರೆಯುವ ಅಂಕಗಳ ಮೇಲೆ ಜಗತ್ತಿನ ಆಟಗಾರರಿಗೆಲ್ಲ ಸ್ಥಾನ ನಿರ್ಣಯವಾಗುತ್ತದೆ. ಆ ಅಂಕಗಳಾದರೂ ಶಾಶ್ವತವಲ್ಲ. ಅವುಗಳ ಆಯುಷ್ಯ 52 ವಾರ. ಈ ವರ್ಷದ ಗೆಲುವು ಮುಂದಿನ ವರ್ಷಕ್ಕೆ ಅಳಿಸಿಹೋಗುತ್ತದೆ. ಆಟಗಾರನು ಮತ್ತೆ ಅದೇ ಅಂಗಳಕ್ಕೆ ಬಂದು ಮೊದಲಿನಿಂದ ಗಳಿಸಬೇಕು. ಪಂದ್ಯಾವಳಿಯಲ್ಲಿ ವಿಜೇತನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಸೋತೇ ಊರಿಗೆ ಹೊರಡುವವರು. ಆದುದರಿಂದ ಈ ವೃತ್ತಿಯಲ್ಲಿ ವಾರವಾರವೂ ಕಲಿಯಬೇಕಾದ ಮುಖ್ಯ ಪಾಠವೆಂದರೆ ಸೋಲು.

ಬೋಪಣ್ಣನವರು ಈ ಪಾಠವನ್ನು ಚೆನ್ನಾಗಿಯೇ ಕಲಿತರು. ಒಬ್ಬರೇ ಆಡುವ ಸಿಂಗಲ್ಸ್ ಆಟದಲ್ಲಿ ಅವರು ಏರಿದ ಅತಿ ಎತ್ತರದ ಸ್ಥಾನ 213. ದೊಡ್ಡ ಪಂದ್ಯಾವಳಿಗಳ ಬಾಗಿಲು ನೇರವಾಗಿ ತೆರೆಯುವುದು ಸುಮಾರಾಗಿ ಮೊದಲ ನೂರು ಮಂದಿಗೆ ಮಾತ್ರ. ಆ ಬಾಗಿಲು ತೆರೆಯಲಿಲ್ಲವೆಂದು ಅವರು ಆಟವನ್ನೇ ಬಿಟ್ಟು ಹೋಗಲಿಲ್ಲ. ಜೊತೆಗಾರನೊಡನೆ ಆಡುವ ಡಬಲ್ಸ್ ಆಟಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. 2010ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅಮೆರಿಕದ ಮುಕ್ತ ಪಂದ್ಯಾವಳಿಯ ಅಂತಿಮ ಘಟ್ಟವನ್ನು ಮುಟ್ಟಿದರು. ಅಮೆರಿಕದ ಅವಳಿ ಸೋದರರಾದ ಬ್ರಯಾನರು ಎದುರಾಳಿಗಳು. ಎರಡು ಸೆಟ್ಟುಗಳೂ 7–6, 7–6ರಂತೆ ಕೂದಲೆಳೆಯಷ್ಟರಲ್ಲಿ ಕೈಜಾರಿದುವು. ಅದೇ ತಿಂಗಳು ಚೆನ್ನೈಯಲ್ಲಿ ಬ್ರೆಜಿಲ್ ದೇಶದ ಮೇಲೆ ಡೇವಿಸ್ ಕಪ್ ಪಂದ್ಯ. ಭಾರತ ಮೊದಲೆರಡು ಆಟಗಳನ್ನು ಸೋತು, ಮುಂದಿನ ಎರಡನ್ನು ಗೆದ್ದು ಸಮನಾಗಿತ್ತು. ನಿರ್ಣಾಯಕವಾದ ಐದನೆಯ ಆಟಕ್ಕೆ ಇಳಿದು ಗೆಲುವು ತಂದುಕೊಟ್ಟವರು ಅದೇ ಬೋಪಣ್ಣನವರು. ಒಂದೇ ತಿಂಗಳೊಳಗೆ ಇಂಥ ಇಳಿತ, ಇಂಥ ಏರು!

ಮುಂದಿನ ವರ್ಷಗಳೂ ಹಾಗೆಯೇ ನಡೆದುವು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಸಾನಿಯಾ ಮಿರ್ಜಾ ಅವರೊಡನೆ ಕಂಚಿನ ಪದಕದ ಆಟವನ್ನು ಸೋತು ನಾಲ್ಕನೆಯವರಾಗಿ ಮರಳಿದರು. 2017ರಲ್ಲಿ ಪ್ಯಾರಿಸಿನಲ್ಲಿ, ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿಯವರೊಡನೆ, ಸೋಲಿನ ಅಂಚಿಗೆ ಎರಡು ಸಲ ಹೋಗಿ ಹಿಂದಿರುಗಿ, ಕೊನೆಯ ಹಣಾಹಣಿಯನ್ನು 12–10ರಲ್ಲಿ ಗೆದ್ದು, ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿಯನ್ನು ಮಿಶ್ರ ಡಬಲ್ಸಿನಲ್ಲಿ ಪಡೆದರು. ಆಗ ಅವರಿಗೆ ಮೂವತ್ತೇಳು ವರ್ಷ. ಇಂದಿನ ನನ್ನ ವಯಸ್ಸು. ಬಳಿಕ ಮೊಣಕಾಲುಗಳ ಮೆದುಮೂಳೆ ಸವೆಯಿತು. ನೋವಿನ ಕಾಲ ಬಂತು. 2021ರಲ್ಲಿ ತಿಂಗಳುಗಟ್ಟಲೆ ಗೆಲುವೇ ಕಾಣದೆ, ಆಟಕ್ಕೆ ವಿದಾಯ ಹೇಳಿಬಿಡುತ್ತೇನೆಂದು ಹೆಂಡತಿಗೆ ದೂರದೇಶದಿಂದ ಸಂದೇಶ ಕಳುಹಿಸಿದ್ದರಂತೆ. ಇದನ್ನು ಅವರೇ ಮುಂದೆ ಎಲ್ಲರ ಎದುರಿಗೆ ಹೇಳಿಕೊಂಡರು. ಆದರೆ ವಿದಾಯ ಹೇಳಲಿಲ್ಲ. ಅಯ್ಯಂಗಾರ್ ಪದ್ಧತಿಯ ಯೋಗಾಸನಗಳಿಂದ ಕಾಲುಗಳಿಗೆ ಬಲ ತಂದುಕೊಂಡು ಮತ್ತೆ ಅಂಗಳಕ್ಕೆ ಇಳಿದರು.

ನನಗೆ ಆ ಸಂಜೆ ನೆನಪಾದ ಸಂಗತಿ 2023ರ ಸೆಪ್ಟೆಂಬರಿನದು. ಮತ್ತೆ ಅಮೆರಿಕದ ಅದೇ ಪಂದ್ಯಾವಳಿ, ಮತ್ತೆ ಅಂತಿಮ ಘಟ್ಟ. ಅವರಿಗೆ ನಲವತ್ತಮೂರು ವರ್ಷ. ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಜೊತೆಗಾರ. ಹದಿಮೂರು ವರ್ಷಗಳ ಹಿಂದೆ ಕೈತಪ್ಪಿದ್ದು ಕೈಗೆಟಕುವಷ್ಟು ಸಮೀಪದಲ್ಲಿತ್ತು. ಆಟದ ನಡುವೆ ಒಮ್ಮೆ, ಚೆಂಡು ಬಲೆಯನ್ನು ದಾಟಿ ಆಚೆಗೆ ಹೋಗುವ ಮುನ್ನ ಬೋಪಣ್ಣನವರ ತೋಳನ್ನು ಸವರಿಕೊಂಡು ಹೋಯಿತು. ಚೆಂಡು ಆಟಗಾರನ ಮೈಗೆ ತಗುಲಿದರೆ ಆ ಅಂಕ ಎದುರಾಳಿಯದೆಂಬುದು ನಿಯಮ. ಅಂಪೈರ್ ಅದನ್ನು ಕಾಣಲಿಲ್ಲ. ಬೋಪಣ್ಣನವರು ತಾವಾಗಿಯೇ ಚೆಂಡು ತಮಗೆ ತಗುಲಿತೆಂದು ಹೇಳಿ ಅಂಕವನ್ನು ಬಿಟ್ಟುಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಮೊದಲ ಸೆಟ್ಟನ್ನು 6–2ರಲ್ಲಿ ಗೆದ್ದಿದ್ದ ಆ ಜೋಡಿ, ಮುಂದಿನವೆರಡನ್ನು 3–6, 4–6ರಲ್ಲಿ ಕಳೆದುಕೊಂಡು ಪ್ರಶಸ್ತಿಯನ್ನು ಸೋತಿತು.

ಮರುದಿನ ಗಣಿತದ ವೇಳೆಯಲ್ಲಿ ಕಪ್ಪುಹಲಗೆಯ ಮೇಲೆ ಟೆನಿಸ್ ಅಂಗಳದ ಚಿತ್ರ ಬರೆದು, ನಡುವೆ ಬಲೆಯೊಂದನ್ನು ಎಳೆದು, ಮಕ್ಕಳಿಗೆ ಈ ಕತೆಯನ್ನು ಹೇಳಿದೆ. ಆ ಹುಡುಗಿಯ ಹೆಸರನ್ನು ಎತ್ತಲಿಲ್ಲ. ಎಲ್ಲರೂ ಕಿವಿಗೊಟ್ಟು ಕೇಳಿದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ನಿಜ ಹೇಳಿದ ಮೇಲೂ ಅವರು ಸೋತರಲ್ಲ ಸಾರ್?" ಎಂದು ಕೇಳಿದ.

ಉಪಾಧ್ಯಾಯರಾದ ನಮಗೆ ಇಂಥ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದು ನಾಲಗೆಯ ತುದಿಯಲ್ಲಿಯೇ ಇರುತ್ತದೆ. ನಾಲ್ಕು ತಿಂಗಳು ಕಳೆದು, 2024ರ ಜನವರಿ 27ರಂದು, ಅದೇ ಬೋಪಣ್ಣನವರೂ ಎಬ್ಡೆನರೂ ಮೆಲ್ಬರ್ನಿನಲ್ಲಿ ಇಟಲಿಯ ಬೊಲೆಲ್ಲಿ, ವಾವಸ್ಸೋರಿ ಜೋಡಿಯನ್ನು 7–6, 7–5ರಲ್ಲಿ ಸೋಲಿಸಿ ಆಸ್ಟ್ರೇಲಿಯದ ಮುಕ್ತ ಪಂದ್ಯಾವಳಿಯನ್ನು ಗೆದ್ದರು. 1968ರಲ್ಲಿ ಮುಕ್ತ ಯುಗ ಆರಂಭವಾದಂದಿನಿಂದ ಅಷ್ಟು ವಯಸ್ಸಿನಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ಪುರುಷರು ಅವರ ಮೊದಲು ಇರಲಿಲ್ಲ. ಎರಡೇ ದಿನಗಳಲ್ಲಿ ಡಬಲ್ಸಿನ ಜಗತ್ತಿನಲ್ಲಿಯೇ ಮೊದಲ ಸ್ಥಾನಕ್ಕೆ ಏರಿದರು. ಅದೇ ವರ್ಷ ಪದ್ಮಶ್ರೀ ಪ್ರಶಸ್ತಿಯೂ ಬಂತು. "ನೋಡಿರಿ ಮಕ್ಕಳೇ, ಸತ್ಯವಂತನಿಗೆ ದೇವರು ಕೊಟ್ಟ ಫಲ" ಎಂದು ಹೇಳಿ ಕತೆಯನ್ನು ಮುಗಿಸಬಹುದಾಗಿತ್ತು. ಮಕ್ಕಳೂ ಸಂತೋಷಪಡುತ್ತಿದ್ದರು. ಮಾತು ಬಾಯಿಗೆ ಬಂದಿತ್ತು; ಆದರೆ ಹೇಳಲು ಮನಸ್ಸು ಒಪ್ಪಲಿಲ್ಲ. ಮೆಲ್ಬರ್ನಿನಲ್ಲಿ ಅವರು ಗೆದ್ದದ್ದು ಚೆನ್ನಾಗಿ ಆಡಿದ್ದರಿಂದ. ಅಮೆರಿಕದಲ್ಲಿ ನಿಜ ಹೇಳಿದ್ದರಿಂದಲ್ಲ. ಆ ಗೆಲುವಿನ ಆರು ತಿಂಗಳ ಬಳಿಕ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ನಮ್ಮ ಕೊಯಮತ್ತೂರಿನಲ್ಲಿಯೇ ಹುಟ್ಟಿದ ಶ್ರೀರಾಮ್ ಬಾಲಾಜಿಯವರೊಡನೆ ಆಡಿ, ಮೊದಲ ಸುತ್ತಿನಲ್ಲಿಯೇ ಸೋತರು. ಸತ್ಯಕ್ಕೆ ಬಹುಮಾನವೇ ಗೆಲುವಾಗಿದ್ದರೆ ಆ ಸೋಲನ್ನು ಯಾರ ಲೆಕ್ಕಕ್ಕೆ ಬರೆಯೋಣ? ಬಹುಮಾನದ ಆಸೆ ತೋರಿಸಿ ಸತ್ಯವನ್ನು ಕಲಿಸಿದರೆ, ಬಹುಮಾನ ಬಾರದ ದಿನ ಮಗು ಸತ್ಯವನ್ನೂ ಬಿಟ್ಟೀತು. ಆ ತಂದೆ ಕೇಳಿದ್ದೂ ಇದನ್ನೇ ಅಲ್ಲವೆ?

"ಹೌದಪ್ಪಾ, ಸೋತರು" ಎಂದೆ. "ಅಂಕವೂ ಹೋಯಿತು, ಆಟವೂ ಹೋಯಿತು. ಆದರೂ ಅವರು ಹೇಳಿದರು. ಯಾಕೆ ಹೇಳಿರಬಹುದು?" ಮಕ್ಕಳು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಆ ಹುಡುಗಿಯೇ ಎದ್ದು, "ಅವರಿಗೆ ಸೋಲುವುದು ಅಭ್ಯಾಸವಾಗಿತ್ತು ಸಾರ್" ಎಂದಳು. ತರಗತಿಯಲ್ಲಿ ನಗು ಎದ್ದಿತು. ನಾನು ನಗಲಿಲ್ಲ.

ಮಗು ಆಡಿದ ಮಾತನ್ನು ನಾನು ದಾರಿಯುದ್ದಕ್ಕೂ ಹೊತ್ತುಕೊಂಡು ಮನೆಗೆ ಬಂದೆ. ಇಪ್ಪತ್ತು ವರ್ಷಗಳ ಕಾಲ ಸೋಲಿನೊಡನೆ ಪಂಕ್ತಿಭೋಜನ ಮಾಡಿದವನಿಗೆ ಸೋಲಿನ ಭಯ ಹೋಗಿಬಿಡುತ್ತದೆ. ಸೋತ ಮರುದಿನವೂ ಸೂರ್ಯ ಹುಟ್ಟುತ್ತಾನೆ, ಆಟದ ಅಂಗಳ ಇದ್ದಲ್ಲಿಯೇ ಇರುತ್ತದೆ ಎಂದು ಅವನು ಬಲ್ಲ. ಅಂಥವನಿಗೆ ಒಂದು ಅಂಕವನ್ನು ಬಿಟ್ಟುಕೊಡುವುದು ಭಾರವಲ್ಲ. ಸೋಲಲು ಕಲಿಯದವನೇ ಸುಳ್ಳಿಗೆ ಕೈಚಾಚುವವನು. ಇದು ನನಗೆ ಹೇಗೆ ಗೊತ್ತೆಂದು ಓದುಗರು ಕೇಳಬಹುದು. ಹೇಳುತ್ತೇನೆ.

ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ನಾನು ಎರಡು ಸಲ ಬರೆದು ಎರಡು ಸಲವೂ ಉತ್ತೀರ್ಣನಾಗಲಿಲ್ಲ. ಮೊದಲನೆಯ ಸೋಲನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಯಾರೂ ಅರಿಯರು. ಪರೀಕ್ಷೆಯ ದಿನ ಜ್ವರ ಬಂದು ಹೋಗಲಾಗಲಿಲ್ಲವೆಂದು ಸಹೋದ್ಯೋಗಿಗಳಿಗೆ ಹೇಳಿದೆ. ಮನೆಯವರಿಗೂ ಫಲಿತಾಂಶವನ್ನು ತೋರಿಸಲಿಲ್ಲ. ಜ್ವರ ಬಂದಿರಲಿಲ್ಲ. ಹೋಗಿದ್ದೆ, ಬರೆದಿದ್ದೆ, ಕೆಲವೇ ಅಂಕಗಳಿಂದ ಸೋತಿದ್ದೆ. ದಿನವೂ ಮಕ್ಕಳಿಗೆ ತಪ್ಪನ್ನು ತಿದ್ದಿ ಮತ್ತೆ ಬರೆಯಿರೆಂದು ಹೇಳುವವನು, ತಾನು ಮಾತ್ರ ತಪ್ಪನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಎರಡು ಅಂಕಕ್ಕಾಗಿ ಮೇಜಿನ ಬಳಿ ಬಂದು ನಿಂತ ಹತ್ತು ವರ್ಷದ ಹುಡುಗಿಯ ಮುಂದೆ ಆ ಪೆಟ್ಟಿಗೆಯ ಭಾರ ನನಗೆ ತಿಳಿಯಿತು.

ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಸೋತದ್ದಕ್ಕೆ ಬೇಸರವಿಲ್ಲ, ಜ್ವರವೆಂದು ನಂಬಿ ಕಷಾಯ ಮಾಡಿಕೊಟ್ಟೆನಲ್ಲ!" ಎಂದಳು. ಮರುದಿನ ತರಗತಿಯಲ್ಲಿಯೂ ಹೇಳಿದೆ. ಈಗ ಈ ಪತ್ರಿಕೆಯ ಮೂಲಕ ಸಹೋದ್ಯೋಗಿಗಳಿಗೂ ಹೇಳಿದಂತಾಯಿತು. ಅವರು ಕ್ಷಮಿಸಬೇಕು.

ಬೋಪಣ್ಣನವರು 2025ರ ನವೆಂಬರ್ 1ರಂದು ವೃತ್ತಿಯಿಂದ ನಿವೃತ್ತಿಯನ್ನು ಘೋಷಿಸಿದರು. ಪ್ಯಾರಿಸಿನಲ್ಲಿ ಆಡಿದ ಕೊನೆಯ ಪಂದ್ಯದಲ್ಲಿಯೂ ಅವರಿಗೆ ಒದಗಿದ್ದು ಸೋಲೇ. ಡಬಲ್ಸಿನಲ್ಲಿ ಗೆದ್ದ 26 ಎ.ಟಿ.ಪಿ. ಪ್ರಶಸ್ತಿಗಳ ಪಟ್ಟಿ ಪುಸ್ತಕಗಳಲ್ಲಿ ಉಳಿಯುತ್ತದೆ. ಬಿಟ್ಟುಕೊಟ್ಟ ಆ ಒಂದು ಅಂಕವನ್ನು ಯಾವ ಪಟ್ಟಿಯಲ್ಲಿಯೂ ಬರೆಯುವುದಿಲ್ಲ. ಅದನ್ನು ನಾವು ಮಕ್ಕಳಿಗೆ ಹೇಳಬೇಕು. ಕೊನೆಗೆ ಸೋತರೆಂಬುದನ್ನೂ ಮರೆಮಾಚದೆ ಹೇಳಬೇಕು.

ನನ್ನ ಸೋಲಿನ ಕತೆಯನ್ನು ಕೇಳಿದ ದಿನ ಆ ಹುಡುಗಿ ಶಾಲೆ ಬಿಟ್ಟ ಮೇಲೆ ಮತ್ತೆ ಮೇಜಿನ ಬಳಿಗೆ ಬಂದಳು. ಈ ಸಲ ಅವಳ ಕೈಯಲ್ಲಿ ಉತ್ತರಪತ್ರಿಕೆ ಇರಲಿಲ್ಲ.

"ಮೂರನೆಯ ಸಲ ಬರೆಯುತ್ತೀರಾ ಸಾರ್?"

"ಬರೆಯುತ್ತೇನೆ ಅಮ್ಮಾ."

"ಸೋತರೆ?"

"ಬಂದು ನಿನಗೇ ಮೊದಲು ಹೇಳುತ್ತೇನೆ" ಎಂದೆ.