ಚಪ್ಪಲಿಯ ಮಿಡತೆ

ನಾವು ಅಣ್ಣತಮ್ಮಂದಿರಿಬ್ಬರೂ ಚಿಕ್ಕಂದಿನಲ್ಲಿ ತುಂಗಾ ಹೊಳೆಯಲ್ಲಿ ಗಾಳ ಹಾಕುತ್ತಿದ್ದೆವು. ಸವೆದ ಹವಾಯಿ ಚಪ್ಪಲಿಯನ್ನು ಬ್ಲೇಡಿನಲ್ಲಿ ಕತ್ತರಿಸಿದರೆ ಬೆಂಡು, ತಿಪ್ಪೆ ಕೆದಕಿದರೆ ಎರೆಹುಳ. ಸಿಕ್ಕ ಮೀನನ್ನು ಅಮ್ಮಿ ಹುರಿಯುತ್ತಿದ್ದರು. ಓದು ಬಿಟ್ಟು ಹೊಳೆಗೆ ಹೋದದ್ದಕ್ಕೆ ಅಬ್ಬಾ ಬೈಯುತ್ತಿದ್ದರು, ಬೈಯುತ್ತಲೇ ತಿನ್ನುತ್ತಿದ್ದರು.

2024ರ ಆಗಸ್ಟ್‌ನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬೋಝ್‌ಮನ್ ಊರಿನಲ್ಲಿ, ಕಿರಿಯವನ ಮನೆಯ ಊಟದ ಮೇಜಿನ ಮುಂದೆ ನಾವು ಮತ್ತೆ ಗಾಳ ಹಿಡಿದು ಕೂತೆವು. ಮೂರು ವರ್ಷಗಳಿಂದ ಫೋನಿನಲ್ಲಿ ಸಲಾಂ ಹೇಳಿ ಕ್ಷೇಮ ವಿಚಾರಿಸಿದರೆ ಅಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯ ನಡುವೆ, ಅಬ್ಬಾ ತೀರಿಕೊಂಡಿದ್ದರು. ಊರಿಗೆ ಬಂದರೆ ಮರಳಿ ಕೆಲಸಕ್ಕೆ ಹೋಗುವ ಖಾತರಿ ಇರಲಿಲ್ಲ. ಕಿರಿಯವನು ಬರಲಿಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರೂ ಹಿರಿಯವನ ಮನಸ್ಸು, ಎಂದರೆ ಇದನ್ನು ಬರೆಯುತ್ತಿರುವವನ ಮನಸ್ಸು, ಅದನ್ನು ಒಪ್ಪಿರಲಿಲ್ಲ.

ಮೇಜಿನ ಮೇಲೆ ಫೋಮ್ ಹಾಳೆಗಳಿದ್ದವು. ಮೂಸಿ ನೋಡಿದರೆ ಹೊಸ ಚಪ್ಪಲಿಯ ವಾಸನೆ! ಒಳಗೆ ಸಣ್ಣ ಸಣ್ಣ ಗೂಡುಗಳಲ್ಲಿ ಗಾಳಿ ಸಿಕ್ಕಿಬಿದ್ದಿರುವುದರಿಂದ ಅದು ನೀರು ಹೀರುವುದಿಲ್ಲ, ಮುಳುಗುವುದಿಲ್ಲ. ಅಲ್ಲಿ ಬೇಸಿಗೆಯ ಕೊನೆಗೆ ಹುಲ್ಲುಗಾವಲಿನ ಮಿಡತೆಗಳು ಗಾಳಿಗೆ ಹಾರಿ ಹೊಳೆಗೆ ಬೀಳುತ್ತವೆ. ಟ್ರೌಟ್ ಮೀನುಗಳು ಅವಕ್ಕಾಗಿ ದಡದ ಬಳಿ ಕಾಯುತ್ತವೆ. ಅಂಥ ಮಿಡತೆಯೊಂದನ್ನು ಕೈಯಿಂದ ಮಾಡಬೇಕು.

ಚಿಕ್ಕ ಇಕ್ಕಳದಲ್ಲಿ ಕೊಕ್ಕೆಯನ್ನು ಕಚ್ಚಿಸಿ ಮೊದಲು ಅದರ ಕಾಂಡಕ್ಕೆ ದಾರ ಸುತ್ತಿದೆವು. ಮೇಲೆ ಹಳದಿ ಫೋಮಿನ ಪಟ್ಟಿ ಇಟ್ಟು, ಮಿಡತೆಯ ಹೊಟ್ಟೆಯಂತೆ ಗೆಣ್ಣುಗೆಣ್ಣಾಗಿ ಕಟ್ಟುತ್ತ ಹೋದೆವು. ಬೆನ್ನಿಗೆ ಜಿಂಕೆಯ ಕೂದಲಿನ ರೆಕ್ಕೆ, ಪಕ್ಕಕ್ಕೆ ರಬ್ಬರಿನ ಕಾಲು, ಮೊಣಕಾಲಿದ್ದ ಕಡೆ ಒಂದು ಗಂಟು. ಹಿಡಿಯುವವನ ಕಣ್ಣಿಗೆ ದೂರದಿಂದ ಕಾಣಲೆಂದು ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ತುಂಡು. ಮೀನು ಕೆಳಗಿನಿಂದ ನೋಡುವುದರಿಂದ ಅದಕ್ಕೆ ಆ ಬಣ್ಣ ಕಾಣುವುದಿಲ್ಲ.

ಹಿರಿಯವನ ಮೊದಲ ಮಿಡತೆ ಎರಡು ತುಂಡಾಯಿತು.

“ಭಾಯಿ, ಅಷ್ಟು ಬಿಗಿದರೆ ದಾರ ಫೋಮನ್ನು ಕೊಯ್ಯುತ್ತದೆ” ಎಂದ ಕಿರಿಯವನು. ಎರಡನೆಯದು ಸಡಿಲವಾಗಿ ಕೊಕ್ಕೆಯ ಸುತ್ತ ತಿರುಗತೊಡಗಿತು. ಇಬ್ಬರಿಗೂ ನಗು ಬಂತು.

ಮಾರನೆಯ ಬೆಳಿಗ್ಗೆ ಗ್ಯಾಲಟಿನ್ ಹೊಳೆಗೆ ಹೋದೆವು. ಮುಂದೆ ಥ್ರೀ ಫೋರ್ಕ್ಸ್ ಬಳಿ ಇನ್ನೆರಡು ಹೊಳೆಗಳು ಕೂಡಿ ಮಿಸ್ಸೂರಿ ನದಿಯಾಗುತ್ತದೆ. ಅಲ್ಲಿರುವ ಬ್ರೌನ್ ಟ್ರೌಟ್ ಕೂಡ ಆ ನಾಡಿನದಲ್ಲವಂತೆ. 1883ರಲ್ಲಿ ಜರ್ಮನಿಯಿಂದ ಮೊಟ್ಟೆಗಳನ್ನು ತರಿಸಿ ಅಮೆರಿಕದಲ್ಲಿ ಮರಿ ಮಾಡಿಸಿದರು. “ಅದೂ ನಮ್ಮ ಹಾಗೆ” ಎಂದು ಕಿರಿಯವನು ನಕ್ಕ. ಹಿರಿಯವನು ನಗಲಿಲ್ಲ.

“ಹಿಡಿದ ಮೀನನ್ನು ಏನು ಮಾಡುತ್ತೀ?”

“ಬಿಟ್ಟುಬಿಡುತ್ತೇನೆ.”

ಮೀನು ಮತ್ತು ಮಿಡತೆ, ಇವೆರಡೂ ಜಬಹ್ ಇಲ್ಲದೆಯೇ ಹಲಾಲ್ ಎಂದು ನಾವಿಬ್ಬರೂ ಮದರಸಾದಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಲಿತಿದ್ದೆವು. ಹಸಿವಿಗಾಗಿ ಹಿಡಿಯುವುದು ಸರಿ. ಬರೀ ಆಟಕ್ಕಾಗಿ ಒಂದು ಜೀವದ ಬಾಯಿಗೆ ಕೊಕ್ಕೆ ಹಾಕುವುದು? ಹಿರಿಯವನು ಕೇಳಿಯೇಬಿಟ್ಟ. ಕಿರಿಯವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಜೇಬಿನಿಂದ ಇಕ್ಕಳ ತೆಗೆದು ಕೊಕ್ಕೆಯ ಮೊನೆಯನ್ನು ಕತ್ತರಿಸಿ, ಮಿಡತೆಯನ್ನು ನೀರಿಗೆ ಬೀಸಿದ.

ಕಿತ್ತಳೆ ಚುಕ್ಕೆ ದಡದ ಹುಲ್ಲಿನ ಪಕ್ಕದಲ್ಲಿ ತೇಲುತ್ತ ಹೋಯಿತು. ನೀರು ಒಡೆಯಿತು. ಕಂದು ಮೈಯ ಮೀನೊಂದು ಎದ್ದು ಮಿಡತೆಯನ್ನು ನುಂಗಿತು, ಕ್ಷಣದಲ್ಲೇ ಉಗುಳಿ ಒಳಗೆ ಹೋಯಿತು. ನಮ್ಮಿಬ್ಬರ ಬಾಯಿಂದಲೂ ಒಟ್ಟಿಗೆ “ಸುಭಾನಲ್ಲಾಹ್” ಬಂತು.

ಕಿರಿಯವನು ನೀರನ್ನೇ ನೋಡುತ್ತ ಕೇಳಿದ: “ಭಾಯಿ, ಅಬ್ಬಾಗೆ ಯಾರ್ಯಾರು ಮಣ್ಣು ಹಾಕಿದರು?”

ಮೂರು ವರ್ಷ ಅವನು ಇದನ್ನು ಕೇಳಲೆಂದು ಕಾದವನು ಹಿರಿಯವನು. ಕೇಳಲು ಅಂಜಿ ಕೂತಿದ್ದವನು ಕಿರಿಯವನು. ಆರೇ ಜನ ಇದ್ದೆವು ಎಂದು ಹೇಳತೊಡಗಿದಾಗ ಬಿಸಿಲು ಏರುತ್ತಿತ್ತು. ಎಲ್ಲ ಹೇಳಿ, ಎಲ್ಲ ಕೇಳಿ ಮುಗಿಯುವಾಗ ಜೊಹರ್ ನಮಾಜಿನ ಹೊತ್ತಾಗಿತ್ತು. ಆ ಹೊಳೆಯ ನೀರಿನಲ್ಲೇ ವುಜೂ ಮಾಡಿದೆವು.